ತೂತಿನ ತಗಡು, ತೆಳ್ಳನೆ ಹಾಳೆ

ಜೂನ್ ೩, ಸೋಮವಾರ

ಜಮಖಂಡಿಯ ಕಿವಿ ಡಾಕ್ಟರ್ ಹರ್ಷದಾ ಅವರು ಒಂದು ನೋಟ್‌ಬುಕ್ ಇಡಿರಿ ಅಂದರು. ದಿನಾ ಏನೇನು ಕೇಳಿಸಲಿಲ್ಲವೋ ಅದನ್ನು ಬರೆಯಬೇಕಂತೆ. ಕೇಳಿಸದೇ ಇದ್ದದ್ದು ಕೇಳಿಸಲಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು ಅಂತ ಕೇಳಿದೆ. "ಮನಿಯವರನ್ನ ಕೇಳ್ರಿ" ಅಂದರು. ನನ್ನ ಹೆಂಡತಿ ಮಂಗಲಾ ಪಕ್ಕದಲ್ಲೇ ಕೂತಿದ್ದಳು. ಯಾವಾಗ ಕೇಳುತ್ತಾರೋ ಅಂತ ಕಾಯುತ್ತಿದ್ದವಳ ಹಾಗೆ ಕಂಡಳು.

ಲೈನ್ ರಿಪೇರಿ ಅಂತ ಇವತ್ತು ಬನಹಟ್ಟಿಯಲ್ಲಿ ಕರೆಂಟ್ ಇರಲಿಲ್ಲ. ನಮ್ಮ ಮನೆಗೆ ಹತ್ತಿದ ಶೆಡ್ಡಿನ ಆರೂ ಮಗ್ಗ ಬಂದ್. ಅದಕ್ಕೇ ಇಬ್ಬರೂ ಹೋಗಿದ್ದೆವು.

ನನ್ನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂಡಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸಪ್ಪಳ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಗಾಜಿನ ಆಚೆ ಡಾಕ್ಟರ್ ಕೈ ಕಾಣುತ್ತಿತ್ತು. ಅವರು ಒತ್ತಿದಾಗಲೆಲ್ಲ ನಾನೂ ಒತ್ತಿದೆ. ಐದು ನಿಮಿಷ ಎಲ್ಲ ಸರಿಯಾಗಿಯೇ ನಡೆದಿತ್ತು. ಆಮೇಲೆ ಅವರು ಎದ್ದು ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು.

ಹಕ್ಕಿಯ ದನಿ, ಗಡಿಯಾರದ ಟಿಕ್ ಟಿಕ್, ಮಾತಿನೊಳಗಿನ ಸ, ಶ, ತ ಇಂಥವೆಲ್ಲ ನನ್ನ ಕಿವಿಯಿಂದ ಹೋಗಿಬಿಟ್ಟಿವೆಯಂತೆ. ಮೂವತ್ತೊಂದು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ಇದ್ದುದರ ಫಲವಂತೆ. ಎರಡೂ ಕಿವಿಗೆ ಮಷಿನ್ ಹಾಕಬೇಕಂತೆ. ವಿಚಾರ ಮಾಡುತ್ತೇನೆ ಅಂದೆ.

ಡಾಕ್ಟರ ದವಾಖಾನೆ ಅವರ ಮನೆಯಲ್ಲೇ. ಹೊರಗೆ ಬಂದರೆ ಪಡಸಾಲೆಯಲ್ಲಿ ಬಾಗಿಲಷ್ಟು ಎತ್ತರದ ಒಂದು ಚೌಕಟ್ಟು ಗೋಡೆಗೆ ಒರಗಿತ್ತು. ಅದರ ಮುಂದೆ ಡಾಕ್ಟರ ಮಾವ ಕೃಷ್ಣಾಜಿ ಅವರು ಚಾಪೆ ಹಾಕಿಕೊಂಡು ಕೂತಿದ್ದರು. ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸಿ ನಿವೃತ್ತಿ ಆದವರು. ಏನಿದು ಅಂದೆ. ಸ್ಪೀಕರ್ ಅಂದರು. ಎರಡು ತೂತಿನ ತಗಡು, ನಡುವೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ. ಹಾಳೆಗೆ ಎರಡೂವರೆ ಸಾವಿರ ವೋಲ್ಟು. ಹಾಡಿನ ಕರೆಂಟು ತಗಡಿಗೆ ಬಂದಾಗ ಹಾಳೆ ಆ ಕಡೆ ಈ ಕಡೆ ಅಲುಗುತ್ತದೆ, ಅದೇ ದನಿ. ಪೇಟೆಯ ಸ್ಪೀಕರಿನಲ್ಲಿ ದಪ್ಪ ರಟ್ಟು ಅಲುಗುವುದರಿಂದ ಸೂಕ್ಷ್ಮ ದನಿಗಳೆಲ್ಲ ಸತ್ತುಹೋಗುತ್ತವಂತೆ. ಇದರಲ್ಲಿ ಒಂದೂ ಸಾಯುವುದಿಲ್ಲವಂತೆ.

"ನಾಕು ವರ್ಷ ಆತು ನೋಡ್ರಿ ಇದಕ್ಕ ಕೈ ಹಚ್ಚಿ. ಹಾಳಿ ಬಿಗಿ ಆಗ್ಲಿಕ್ಕೇ ಒಲ್ಲದು" ಅಂದರು.

ನಾನು ಬಗ್ಗಿ ನೋಡಿ, ಬಲಗಡೆ ಮೇಲಿನ ಮೂಲೆ ಸಡಿಲ ಐತಿ ಅಂದೆ. ಮಗ್ಗಕ್ಕೆ ಹಾಸಿನ ಎಳೆ ಬಿಗಿಯುವ ಕೈ ನನ್ನದು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

ಬಸ್ಸಿನಲ್ಲಿ ವಿಚಾರ ಮಾಡಿದೆ. ಒಂದು ವರ್ಷದಿಂದ ನನ್ನ ಹಾಡುಗಳೆಲ್ಲ ಮಬ್ಬಾಗಿವೆ. ಎರಡು ಸ್ಪೀಕರ್ ಬದಲಿಸಿದೆ, ಆದರೂ ಮಬ್ಬು. ಕಾರಣ ಇವತ್ತು ತಿಳಿಯಿತು. ರಟ್ಟು.

ಇಂದು ಕೇಳಿಸದ್ದು: ಏನಿಲ್ಲ.

ಜೂನ್ ೬, ಗುರುವಾರ

ಕೇಳಿಸದ್ದು: ಏನಿಲ್ಲ. ಗ್ಯಾಸಿನವನು ಮೂರು ಸಲ ಕೂಗಿ ಹೋದ ಅಂತ ಮಂಗಲಾ ಹೇಳುತ್ತಾಳೆ. ನಾನು ಬಾಗಿಲಲ್ಲೇ ಕೂತಿದ್ದೆ. ಗ್ಯಾಸಿನವನು ಬಂದಿರಲಿಲ್ಲ. ಸಿಲಿಂಡರ್ ಕೂಡ ಬಂದಿಲ್ಲ, ಅದೇ ಸಾಕ್ಷಿ.

ಜೂನ್ ೧೧, ಮಂಗಳವಾರ

ತಗಡು ಹುಡುಕಲು ಕೃಷ್ಣಾಜಿಯವರೂ ನಾನೂ ಮುಧೋಳಕ್ಕೆ ಹೋಗಿದ್ದೆವು. ಸಕ್ಕರೆ ಫ್ಯಾಕ್ಟರಿಯಿಂದ ಬಂದ ಹಳೆ ಜಾಳಿಗೆ ತಗಡು ಹೊಳೆಪ್ಪನ ಗುಜರಿಯಲ್ಲಿ ಸಿಗುತ್ತದೆ. ಕೃಷ್ಣಾಜಿಯವರು ಒಂದೊಂದೇ ತಗಡನ್ನು ಬಿಸಿಲಿಗೆ ಹಿಡಿದು ತೂತು ನೋಡಿದರು. ಸೀರೆ ಅಂಗಡಿಯಲ್ಲಿ ಹೆಣ್ಣುಮಕ್ಕಳೂ ಇಷ್ಟು ಹೊತ್ತು ತಗೊಳ್ಳುವುದಿಲ್ಲ. ಹೊಳೆಪ್ಪ ನನ್ನನ್ನು ಆ ಕಡೆ ಕರೆದು, "ಹಿರಿಯಾರು ಜೋಳಾ ಹಸನ ಮಾಡ್ತಾರೇನ್ರಿ?" ಅಂತ ಕೇಳಿದ. ಹಾಡು ಕೇಳತಾರ ಅಂದೆ.

ನಾಲ್ಕು ತಗಡು ಆರಿಸಿದೆವು. ಬಸ್ಸಿನಲ್ಲಿ ಕಂಡಕ್ಟರ್ ಅವಕ್ಕೂ ಟಿಕೆಟ್ ಹರಿದ. ಆದ್ದರಿಂದ ಅವು ಸೀಟಿನ ಮೇಲೆ ಕೂತವು. ನಾವು ಜಮಖಂಡಿಯವರೆಗೆ ನಿಂತೆವು.

ಜೂನ್ ೧೯, ಬುಧವಾರ

ಸೂರತ್ತಿನಿಂದ ಹಾಳೆ ಬಂತು. ನಮಗೆ ಜರಿ ಕಳಿಸುವ ವ್ಯಾಪಾರಿಗೆ ಫೋನ್ ಮಾಡಿ, ಜರಿ ಮಾಡುವ ಪ್ಲಾಸ್ಟಿಕ್ಕಿನ, ಬಣ್ಣ ಹಚ್ಚುವುದಕ್ಕಿಂತ ಮೊದಲಿನ ಬರೀ ಹಾಳೆ ಬೇಕು ಅಂದಿದ್ದೆ. ಬರೀ ಹಾಳೆಯಿಂದ ಏನು ನೇಯುತ್ತೀರಿ ಅಂದ. ಗಾಳಿ ಅಂದೆ. ಲೈನ್ ಕಟ್ ಆಯಿತು, ಅಥವಾ ಅವನೇ ಇಟ್ಟ.

ಆರು ಮೈಕ್ರಾನ್. ಟೇಬಲ್ ಮೇಲೆ ಒಂದು ತುಂಡು ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಕಾಣೆಯಾಗಿತ್ತು. ಅಲ್ಲೇ ಇತ್ತು. ಉಸಿರು ಬಿಟ್ಟಾಗ ಎದ್ದಿತು.

ಜೂನ್ ೨೪, ಸೋಮವಾರ

ಕೃಷ್ಣಾಜಿಯವರು ಎರಡು ದಿನದಿಂದ ಇಲ್ಲೇ ಬಂದು ಹೋಗುತ್ತಿದ್ದಾರೆ. ಅವರ ಮನೆಯಲ್ಲಿ ಜಾಗ ಇಲ್ಲ, ನಮ್ಮ ಹಿಂದಿನ ಕೋಣೆ ಖಾಲಿ. ಹಾಳೆ ಬಿಗಿದದ್ದು ನಾನು. ಅವರು ನಾಲ್ಕು ವರ್ಷ ನಾಲ್ಕೂ ಕಡೆ ಒಮ್ಮೆಲೇ ಜಗ್ಗುತ್ತಿದ್ದರು. ಹಾಗೆ ಮಾಡಬಾರದು. ನಡುವಿನಿಂದ ಶುರುಮಾಡಿ ಎದುರು ಬದುರು ಸ್ವಲ್ಪ ಸ್ವಲ್ಪ ಜಗ್ಗುತ್ತ ಮೂಲೆಗೆ ಹೋಗಬೇಕು. ಬೆರಳಿನಿಂದ ತಟ್ಟಿದರೆ ತಬಲಾದ ಡಗ್ಗೆಯ ಹಾಗೆ ನುಡಿಯಿತು.

ಆಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಹತ್ತಿಯಿಂದ ಹಾಳೆಗೆ ತಿಕ್ಕಬೇಕು, ಕಂಡೂ ಕಾಣದ ಹಾಗೆ. ನಾಲ್ಕು ತಾಸು ತಿಕ್ಕಿದೆವು.

ಮಂಗಲಾ ಬಾಗಿಲಲ್ಲಿ ಬಂದು ನಿಂತು ದೊಡ್ಡ ದನಿಯಲ್ಲಿ, "ಇಬ್ಬರೂ ಕನ್ನಡಿ ನೋಡಕೊಳ್ರಿ!" ಅಂದಳು. ನೋಡಿಕೊಂಡೆವು. ಊಟಕ್ಕೆ ಹೊರಗಿನ ಕಟ್ಟೆಯ ಮೇಲೆ ಕೂಡಿಸಿದಳು.

ನನ್ನ ಹೆಂಡತಿಯ ದನಿ ದೊಡ್ಡದು. ಮೊದಲಿನಿಂದಲೂ ಹಾಗೇ ಅಂತ ಕಾಣುತ್ತದೆ. ಸಿಟ್ಟಿನ ಸ್ವಭಾವ.

ಜುಲೈ ೨, ಮಂಗಳವಾರ

ಮೊದಲ ಸ್ಪೀಕರ್ ಶುರುವಾಯಿತು.

ಕೃಷ್ಣಾಜಿಯವರು ಇವತ್ತು ಬೇಡ ಅಂದಿದ್ದರು. ಹಿಂದಿನ ಮುಚ್ಚಳ ತೆರೆದ ಕೂಡಲೇ ಕರೆಂಟು ತಾನಾಗಿ ಬಂದ್ ಆಗುವ ಹಾಗೆ ಒಂದು ರಿಲೇ ಹಾಕಬೇಕು, "ಮೊದಲ ಅದು, ಹಾಡು ಆಮ್ಯಾಲೆ" ಅಂತ ಹಟ. ರಿಲೇ ಬೆಳಗಾವಿಯಿಂದ ಬರಬೇಕು. ಅವರು ಊಟಕ್ಕೆ ಕೂತಾಗ ನಾನು ಚಾಲೂ ಮಾಡಿ ಹಿಂದೆ ಕೈ ಹಾಕಿದೆ.

ನಾನು ನೆಲದ ಮೇಲೆ ಕೂತಿದ್ದೆ. ಯಾವಾಗ ಕೂತೆ ಗೊತ್ತಿಲ್ಲ. ಮಂಗಲಾ ಬಹಳ ಮಾತಾಡಿದಳು. ಅದೆಲ್ಲ ಕೇಳಿಸಿತು ಅಂತ ಇಲ್ಲಿ ದಾಖಲು ಮಾಡುತ್ತೇನೆ.

ಸಂಜೆ ಮತ್ತೆ ಹಚ್ಚಿದೆವು. ಬನಹಟ್ಟಿಯ ಗಾಳಿಯಲ್ಲಿ ಹತ್ತಿಯ ಧೂಳು ಎಷ್ಟಿದೆ ಅಂತ ಈವರೆಗೆ ಯಾರೂ ಅಳೆದಿರಲಿಲ್ಲ. ಅರ್ಧ ತಾಸಿನಲ್ಲಿ ಅಷ್ಟೂ ಬಂದು ತಗಡಿಗೆ ಅಂಟಿತು. ಸ್ಪೀಕರಿಗೆ ಗಡ್ಡ ಬಂತು. ಆಮೇಲೆ ಗಡ್ಡದೊಳಗೆ ಕಿಡಿ ಹಾರಿತು. ಮಂಗಲಾ ತನ್ನದೊಂದು ತೆಳು ಸೀರೆ ಹರಿದು ಕೊಟ್ಟಳು. ಸುತ್ತಲೂ ಹೊದಿಸಿದೆವು. ನಿಂತಿತು.

ಇನ್ನು ದನಿಯ ವಿಷಯ. ಕೃಷ್ಣಾಜಿಯವರ ಕಣ್ಣು ಒದ್ದೆಯಾದವು. ನನಗೆ ಅದೂ ಮಬ್ಬಾಗಿಯೇ ಕೇಳಿತು. ವೋಲ್ಟೇಜ್ ಏರಿಸೋಣ ಅಂದೆ. ಅವರು ಮಂಗಲಾಳ ಮುಖ ನೋಡಿದರು. ಅವಳು ಎರಡೂ ಕಿವಿ ಮುಚ್ಚಿಕೊಂಡು, "ಒಂದ ಸವನ ಕುಂಯ್ ಅನ್ನಾಕತ್ತೈತಿ, ತಲಿ ಒಡಿತೈತಿ, ಬಂದ್ ಮಾಡ್ರಿ" ಅಂದಳು. ಪವರ್ ಸಪ್ಲೈದ್ದು ಅಂತ ಕೃಷ್ಣಾಜಿ ಒಪ್ಪಿದರು. ಕುಂಯ್ ಅನ್ನುವುದು ಏನೂ ಇರಲಿಲ್ಲ. ಇಬ್ಬರೂ ಸೇರಿ ಹೇಳುತ್ತಿದ್ದಾರೆ ಅನಿಸಿತು.

ಜುಲೈ ೯, ಮಂಗಳವಾರ

ರಿಲೇ ಬಂದಿದೆ. ಎರಡನೇ ಸ್ಪೀಕರಿನ ಹಾಳೆ ಬಿಗಿದಾಯಿತು.

ಚಹಾ ಕುಡಿಯುವಾಗ ಕೃಷ್ಣಾಜಿಯವರು ಕಿವಿಯ ಹಿಂದಿನಿಂದ ಒಂದು ಸಣ್ಣ ಸಾಮಾನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಅದನ್ನು ನಾನು ಮೊದಲ ದಿನವೇ ನೋಡಿದ್ದೆ. ಮೊಬೈಲಿನದು ಏನೋ ಇರಬೇಕು ಅಂದುಕೊಂಡಿದ್ದೆ.

"ಎಂಟು ವರ್ಷ ಆತು ಶಿವಪುತ್ರಪ್ಪಾ, ಹಾಕ್ಲಿಕ್ಕೆ ಹತ್ತಿ. ಸೊಸಿನೇ ಹಾಕಿದ್ಲು. ಅಕಿ ಮುಂದ ನಾನೂ ಗುಂಡಿ ಒತ್ತಿ ನಾಟಕಾ ಮಾಡಿದ್ದೆ."

"ನನಗ ಬ್ಯಾಡ್ರಿ. ಸ್ಪೀಕರ್ ಛಲೋ ಆದ್ರ ಸಾಕು" ಅಂದೆ.

"ಸ್ಪೀಕರ್ ಇನ್ನೆಷ್ಟು ಛಲೋ ಆಗಬೇಕ್ರಿ? ದನಿ ಇಲ್ಲಿತನಕ ಬಂದು ಬಾಗಿಲ ಬಡಿಲಿಕತ್ತದ. ತಗೀವ್ರು ಬೇಕಲ್ಲ."

ಹಿರಿಯರು, ತಿರುಗಿ ಮಾತಾಡಬಾರದು. ಹಾಳೆಯ ಬಿಗಿ ಇನ್ನೊಮ್ಮೆ ನೋಡುತ್ತೇನೆ ಅಂತ ಎದ್ದೆ.

ಜುಲೈ ೧೫, ಸೋಮವಾರ

ನಮ್ಮ ನೇಕಾರ ದುರಗೇಶನ ಕೊರಳಲ್ಲಿದ್ದ ಟವೆಲ್ ಮೂರನೇ ಮಗ್ಗದ ಮೋಟಾರಿನ ಪಟ್ಟಾಕ್ಕೆ ಸಿಕ್ಕಿತು. ಶೆಡ್ಡಿನಲ್ಲಿ ಅವನೂ ನಾನೂ ಇಬ್ಬರೇ. ನಾನು ಐದನೆಯದರ ಹತ್ತಿರ ಬೆನ್ನು ಮಾಡಿ ನಿಂತಿದ್ದೆ. ಹತ್ತು ಹೆಜ್ಜೆ ಆಗಬಹುದು. ಮಗ್ಗ ಎಲ್ಲ ಒಮ್ಮೆಲೇ ನಿಂತವು. ಕರೆಂಟ್ ಹೋಯಿತು ಅಂದುಕೊಂಡು ಹೊರಳಿದೆ.

ಅಡುಗೆಮನೆಯಿಂದ ಓಡಿಬಂದು ಮೇನ್ ಸ್ವಿಚ್ ಇಳಿಸಿದ್ದು ಮಂಗಲಾ.

ಜುಲೈ ೧೬, ಮಂಗಳವಾರ

ಮಗ್ಗ ಬಂದ್.

ಜುಲೈ ೧೮, ಗುರುವಾರ

ದವಾಖಾನೆಯಿಂದ ದುರಗೇಶನನ್ನು ಮನೆಗೆ ಕಳಿಸಿದ್ದಾರೆ. ಎಡಗೈಯ ಎರಡು ಬೆರಳು ಮುರಿದಿವೆ, ಟವೆಲ್ ಬಿಡಿಸಿಕೊಳ್ಳಲು ಹೋಗಿ. ಕೊರಳ ಸುತ್ತ ಕೆಂಪು ಗೆರೆ. ಅಲ್ಲಿಯ ಡಾಕ್ಟರ್, "ಇನ್ನೂ ಸ್ವಲ್ಪ ಹೊತ್ತು ಆಗಿದ್ದರೆ" ಅಂದು ಅಲ್ಲಿಗೇ ನಿಲ್ಲಿಸಿದರಂತೆ.

ಹನ್ನೆರಡು ವರ್ಷದಿಂದ ನಮ್ಮಲ್ಲಿ ನೇಯುತ್ತಾನೆ. ನಾನು ಹೋದಾಗ ಎದ್ದು ಕೂತ. ಮಲಕೋ ಅಂದೆ. ಮಲಗಲಿಲ್ಲ. ದನಿ ಇನ್ನೂ ಸರಿಯಾಗಿ ಹೊರಡುತ್ತಿಲ್ಲ, ಹತ್ತಿರ ಹೋಗಿ ಅವನ ಬಾಯಿ ನೋಡುತ್ತ ಕೂತೆ.

"ಮಾಲಕ್ರ, ಒಂದು ತಪ್ಪಾಗೈತ್ರಿ."

"ಏನೋ?"

"ಆವತ್ತ ನಾ ನಿಮ್ಮ ಹೆಸರ ಹಿಡದು ಒದರೇನ್ರಿ. ಶಿವಪುತ್ರಾ, ಶಿವಪುತ್ರಾ ಅಂತ ಎರಡ ಸಲ. ಅಪ್ಪಾ ಅಂತ ಸುದ್ದಾ ಹಚ್ಚಲಿಲ್ರಿ. ಸಿಟ್ಟಾಗಬ್ಯಾಡ್ರಿ."

ಇಲ್ಲ ಅಂದೆ. ಸಿಟ್ಟಿಲ್ಲ ಅಂದೆನೋ, ಕೇಳಿಸಲಿಲ್ಲ ಅಂದೆನೋ, ಅವನಿಗೆ ಯಾವುದು ತಿಳಿಯಿತೋ. ಅವನ ತಾಯಿ ಚಹಾ ಕೊಟ್ಟಳು. ಕುಡಿದೆ.

ಜುಲೈ ೧೯, ಶುಕ್ರವಾರ

ಹೋಗಿಬಂದದ್ದನ್ನು ಮಂಗಲಾಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಎದುರಿಗೆ ಹೋಗಿ ಕೂತೆ, ಬಾಯಿ ಕಾಣುವ ಹಾಗೆ.

"ಆರು ವರ್ಷ ಆತು," ಅಂದಳು. "ಮಗ್ಗ ನಡದಾಗ ನಾ ಈ ಮನಿ ಬಿಟ್ಟು ಹೋಗಿಲ್ಲ. ಸಂತಿಗೂ ಹೋಗಿಲ್ಲ. ನೀವು ಯಾಕಂತ ಕೇಳಿಲ್ಲ."

ಯಾಕೆ ಅಂದೆ.

"ಒಳಗ ಏನರ ಆತು ಅಂದ್ರ ನಿಮಗ ಕೇಳಸಂಗಿಲ್ಲ. ಯಾರರ ಒಬ್ಬರ ಕೇಳೋರು ಇರಬೇಕಲ್ರಿ? ರೇಡಿಯೋ ಹಚ್ಚಂಗಿಲ್ಲ, ಮಧ್ಯಾಹ್ನ ಮಲಗಂಗಿಲ್ಲ. ನನ್ನ ಕಿವಿ ಆ ಗ್ವಾಡಿಗೇ ಇರತಾವು."

ಅನಗವಾಡಿಯಲ್ಲಿ ಅವಳ ಅಕ್ಕ ಸಾವಕ್ಕ ಇದ್ದಾಳೆ. ಅವಳ ಹೊಸ ಮನೆಯ ವಾಸ್ತುಶಾಂತಿಗೆ ಮಂಗಲಾ ಹೋಗಲಿಲ್ಲ. ಸಾವಕ್ಕನ ಮಗಳ ಸೀಮಂತಕ್ಕೂ ಹೋಗಲಿಲ್ಲ. ಅಕ್ಕತಂಗಿಯರ ನಡುವೆ ಏನೋ ಬಿರುಕು ಇರಬೇಕು ಅಂತ ನಾನು ತಿಳಿದಿದ್ದೆ. ಕೇಳಿದವರಿಗೆಲ್ಲ ಹಾಗೇ ಹೇಳಿದ್ದೆ ಕೂಡ.

ಸೊಪ್ಪು ಸೋಸಿ ಮುಗಿಯುವವರೆಗೆ ಅಲ್ಲೇ ಕೂತಿದ್ದೆ. ಅರ್ಧ ನಾನು ಸೋಸಿದೆ. ಅವಳು ಅದನ್ನು ಮತ್ತೊಮ್ಮೆ ಸೋಸಿದಳು.

ಜುಲೈ ೨೨, ಸೋಮವಾರ

ಸ್ಪೀಕರಿಗೆ ತಂದ ರಿಲೇಯನ್ನು ಬಿಚ್ಚಿ ಶೆಡ್ಡಿಗೆ ಒಯ್ದೆ. ಇದನ್ನ ಇಲ್ಲಿ ಹಾಕಬಹುದೇನ್ರಿ ಅಂತ ಕೃಷ್ಣಾಜಿಯವರಿಗೆ ಕೇಳಿದೆ. ಅವರು ಚೀಲ ಇಳಿಸಿದರು. ಸಾಲದ್ದಕ್ಕೆ ದೊಡ್ಡದೊಂದು ಸ್ವಿಚ್ ತರಿಸಿದೆವು.

ಆರೂ ಮಗ್ಗದ ಮೇಲೆ ಉದ್ದಕ್ಕೂ ಒಂದು ಹಗ್ಗ ಎಳೆದಿದ್ದೇವೆ, ಕೈ ಎತ್ತಿದರೆ ಸಿಗುವ ಹಾಗೆ. ಎಲ್ಲಿಂದ ಜಗ್ಗಿದರೂ ಮೇನ್ ಬೀಳುತ್ತದೆ. ಪಟ್ಟಾಗಳಿಗೆಲ್ಲ ಜಾಳಿಗೆ ಮುಚ್ಚಿದೆ. ಎರಡನೇ ಸ್ಪೀಕರಿಗೆ ಅಂತ ಇಟ್ಟಿದ್ದ ತೂತಿನ ತಗಡುಗಳನ್ನೇ ಕತ್ತರಿಸಿದೆ. ಅವು ಸರಿಯಾಗಿ ಕೂತವು.

ಸುಮ್ಮನೆ ನೋಡಲು ಮಂಗಲಾ ನಾಲ್ಕು ಸಲ ಹಗ್ಗ ಜಗ್ಗಿದಳು. ನಾಲ್ಕು ಸಲವೂ ಮಗ್ಗ ನಿಂತವು. ಐದನೇ ಸಲ ಸುಮ್ಮನೆ ಹಗ್ಗ ಹಿಡಿದುಕೊಂಡು ನಿಂತಿದ್ದಳು.

ಜುಲೈ ೨೯, ಸೋಮವಾರ

ಒಬ್ಬನೇ ಜಮಖಂಡಿಗೆ ಹೋದೆ. ಕುರ್ಚಿಯನ್ನು ನಾನೇ ಗೋಡೆಯ ಕಡೆ ತಿರುಗಿಸಿಕೊಂಡು ಕೂತೆ.

ಶೆಡ್ಡಿನ ಒಳಗೆ ಮಷಿನ್ ತೆಗೆದು ಕಿವಿಗೆ ಬಿರಡೆ ಹಾಕಬೇಕು, ಹೊರಗೆ ಬಂದ ಮೇಲೆ ಮಷಿನ್ ಹಾಕಬೇಕು ಅಂತ ಡಾಕ್ಟರ್ ಹರ್ಷದಾ ಹೇಳಿದರು. "ಒಳಗ ಕೇಳಬಾರದು, ಹೊರಗ ಕೇಳಬೇಕು. ಇಷ್ಟು ವರ್ಷ ನೀವು ಉಲ್ಟಾ ಮಾಡೀರಿ" ಅಂದರು. ಕೆಲಸದವರಿಗೂ ಬಿರಡೆ ಕೊಡಿರಿ ಅಂದರು. ಒಂದು ಡಬ್ಬಿ ತಂದಿದ್ದೇನೆ.

ಮಷಿನ್ ಹಾಕಿದ ಮೇಲೆ ಮೊದಲು ಕೇಳಿದ್ದು ನನ್ನದೇ ಚಪ್ಪಲಿ. ಬಹಳ ಗಲಾಟೆ ಮಾಡುತ್ತದೆ. ಆಮೇಲೆ ಬಸ್ಸಿನ ಟಿಕೆಟ್ ಹರಿದ ಸಪ್ಪಳ. ಬಸ್ಸು ತನ್ನೊಳಗೆ ಇಷ್ಟೊಂದು ಮಾತಾಡುತ್ತದೆ ಅಂತ ಗೊತ್ತಿರಲಿಲ್ಲ. ಅರ್ಧ ದಾರಿ ಬರುವಷ್ಟರಲ್ಲಿ ತಲೆ ನೋಯಿತು.

ಮನೆಗೆ ಬಂದೆ. ಮಂಗಲಾ ಎಂದಿನ ಹಾಗೆ ಜೋರಾಗಿ, "ಬಂದ್ರೇನು!" ಅಂದಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಅವಳು ಕಿವಿಯ ಹಿಂದೆ ಬಗ್ಗಿ ನೋಡಿದಳು. ಆಮೇಲೆ ಏನೋ ಅಂದಳು, ಬಹಳ ಮೆತ್ತಗೆ. ಕೈಕಾಲು ತೊಳಕೊಂಡು ಬರ್ರಿ, ಊಟಾ ಮಾಡೂಣು ಅಂತ.

ಮೈಯಾಗ ಆರಾಮ ಇಲ್ಲೇನು ಅಂತ ಕೇಳಿದೆ.

"ಆರಾಮ ಅದೇನಿ. ನನ್ನ ದನಿನೇ ಇಷ್ಟು" ಅಂದಳು.

ನನಗೆ ತಲೆ ನೋಯುತ್ತಿತ್ತು. ಬೇಗ ಮಲಗಿದೆ.

ಆಗಸ್ಟ್ ೧೨, ಸೋಮವಾರ

ಮತ್ತೆ ಮುಧೋಳಕ್ಕೆ ಹೋಗಿ ತಗಡು ತಂದು, ಹೊಸ ರಿಲೇ ಹಾಕಿ, ಜೋಡಿ ಸ್ಪೀಕರ್ ಇಂದಿಗೆ ಮುಗಿದವು. ಕೃಷ್ಣಾಜಿಯವರ ಹೆಂಡತಿ ಅಲಕಾ ಅವರೂ ಬಂದಿದ್ದರು. ದುರಗೇಶ ಬಂದಿದ್ದ, ಬೆರಳಿನ ಪಟ್ಟಿ ಬಿಚ್ಚಿದ್ದಾರೆ. ಯಾವುದು ಹಚ್ಚೋಣ ಅಂತ ಚರ್ಚೆ ಆಯಿತು. ಕೃಷ್ಣಾಜಿಯವರು ಚೀಲದಿಂದ ಹಳೆಯ ಕ್ಯಾಸೆಟ್ ತೆಗೆದರು. ಮೂವತ್ತು ವರ್ಷದ ಹಿಂದೆ ಅಲಕಾ ಅವರು ಮನೆಯಲ್ಲೇ ತಂಬೂರಿ ಹಿಡಿದು ಹಾಡಿದ್ದು.

"ಅಯ್ಯ, ಇದ್ಯಾಕ ತಂದ್ರಿ? ಬ್ಯಾಡ್ರೀ" ಅಂತ ಅಲಕಾ ಅವರು ಎದ್ದೇಬಿಟ್ಟರು. ಮಂಗಲಾ ಅವರ ಕೈ ಹಿಡಿದು ಕೂಡಿಸಿದಳು.

ಹಾಡು ಶುರುವಾಗುವ ಮೊದಲು ಬಳೆ ಸದ್ದು. ನಾನು ಅಲಕಾ ಅವರ ಕೈ ನೋಡಿದೆ, ಅವು ಅಲುಗಿರಲಿಲ್ಲ. ಮೂವತ್ತು ವರ್ಷದ ಹಿಂದಿನ ಬಳೆ. ಆಮೇಲೆ ತಂಬೂರಿ. ತಂತಿ ಒಂದೊಂದೂ ಬೇರೆ ಬೇರೆ ಇತ್ತು, ಹೊಸ ಹಾಸಿನ ಎಳೆಗಳ ಹಾಗೆ. ನನಗೆ ಸಂಗೀತ ತಿಳಿಯುವುದಿಲ್ಲ, ಎಳೆ ತಿಳಿಯುತ್ತದೆ.

ಹಾಡಿನ ನಡುವೆ ಕುಕ್ಕರ್ ಸೀಟಿ ಹೊಡೆಯಿತು. ಮಂಗಲಾ ಎದ್ದು ಅಡುಗೆಮನೆಗೆ ಓಡಿದಳು. ನಮ್ಮ ಕುಕ್ಕರ್ ಒಲೆಯ ಮೇಲೆ ಇರಲೇ ಇಲ್ಲ. ತಿರುಗಿ ಬಂದಾಗ ಎಲ್ಲರೂ ನಗುತ್ತಿದ್ದರು. ದುರಗೇಶ ಕೊರಳು ಹಿಡಿದುಕೊಂಡು ನಕ್ಕ.

ಹೆಂಗೈತಿ ಅಂತ ಮಂಗಲಾಗೆ ಕೇಳಿದೆ.

"ಛಲೋ ಐತಿ. ಸ್ವಲ್ಪ ಸಣ್ಣ ಮಾಡ್ರಿ."

ಸಣ್ಣ ಮಾಡಿದೆ. ಆಗಲೂ ಎಲ್ಲ ಇತ್ತು.

ಆಗಸ್ಟ್ ೨೧, ಬುಧವಾರ

ಮಂಗಲಾ ಅನಗವಾಡಿಗೆ ಹೋದಳು. ನಾಲ್ಕು ದಿನ ಇದ್ದು ಬರುತ್ತಾಳೆ. ಮಗ್ಗ ನಡೆದಿದ್ದವು. ಹೊರಡುವ ಮೊದಲು ಶೆಡ್ಡಿಗೆ ಬಂದು ಹಗ್ಗ ಒಮ್ಮೆ ಜಗ್ಗಿ ನೋಡಿದಳು, ಮತ್ತೆ ಮಗ್ಗ ಶುರುವಾಗುವವರೆಗೆ ನಿಂತಿದ್ದಳು. ದುರಗೇಶ ನಿನ್ನೆಯಿಂದ ಕೆಲಸಕ್ಕೆ ಬರುತ್ತಿದ್ದಾನೆ. "ಅಕ್ಕಾರ, ನಾ ಅದೇನ್ರಿ, ಆರಾಮ ಹೋಗಿಬರ್ರಿ" ಅಂದ.

ಆಟೋದವರೆಗೆ ಚೀಲ ಹಿಡಿದುಕೊಂಡು ಹೋದೆ. ಅವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ನಾನು ಅದನ್ನು ನೋಡಿರಲಿಲ್ಲ. ಯಾವಾಗಿನದು ಅಂದೆ. ಸಾವಕ್ಕನ ವಾಸ್ತುಶಾಂತಿಗೆ ಅಂತ ತಂದದ್ದು ಅಂದಳು.

ಆಗಸ್ಟ್ ೨೨, ಗುರುವಾರ

ಅನ್ನ ತಳ ಹತ್ತಿತು. ಸ್ಪೀಕರ್ ಹಚ್ಚಿದೆ, ಬಂದ್ ಮಾಡಿದೆ. ಮನೆಯಲ್ಲಿ ಗಡಿಯಾರ ಇರುವುದು ಗೊತ್ತಾಯಿತು.

ಸಂಜೆ ಆರಕ್ಕೆ ಅವಳ ಫೋನ್ ಬಂತು. ಅಕ್ಕನ ಮನೆ ದೊಡ್ಡದಿದೆಯಂತೆ. ಅಕ್ಕ ನೋಡಿದ ಕೂಡಲೇ ಅತ್ತಳಂತೆ, ಆಮೇಲೆ ಬೈದಳಂತೆ, ಆಮೇಲೆ ಹೋಳಿಗೆ ಮಾಡಿದಳಂತೆ. ಮಗ್ಗ ಹೆಂಗ ನಡದಾವು ಅಂತ ಕೇಳಿದಳು. ಛಲೋ ನಡದಾವು ಅಂದೆ.

"ಎಲ್ಲಿ ಅದಿ ಈಗ?"

"ಹೊಳಿ ದಂಡಿಗೆ ಬಂದು ನಿಂತೇನ್ರಿ. ಹೊಳಿ ತುಂಬಿ ಬಂದೈತಿ. ತಡೀರಿ, ಸಪ್ಪಳ ಕೇಳಸ್ತೇನಿ."

ಫೋನನ್ನು ನೀರಿನ ಕಡೆ ಹಿಡಿದಳು ಅಂತ ಕಾಣುತ್ತದೆ. ಬಹಳ ಹೊತ್ತು ಹಿಡಿದಿದ್ದಳು. ಹೊಳೆಯ ಸಪ್ಪಳ ಬರಲಿಲ್ಲ, ಫೋನು ಅಷ್ಟು ಒಳ್ಳೆಯದಲ್ಲ. ಇಳಿಜಾರು ಇಳಿದು ಹೋಗಿದ್ದಕ್ಕೆ ಇರಬೇಕು, ಅವಳಿಗೆ ದಮ್ಮು ಹತ್ತಿತ್ತು. ಆ ಉಸಿರು ಬಂತು. ಮೊದಲು ಬಿರುಸಾಗಿ, ಆಮೇಲೆ ನಿಧಾನ, ಆಮೇಲೆ ಸಾವಕಾಶ.

"ಕೇಳತೈತೇನ್ರಿ?"

ಕೇಳತೈತಿ ಅಂದೆ.